ಕಡ್ಡಿ ಹಾಕಿ ನೋಡುವುದು

ನನ್ನ ಉದ್ಯೋಗ ಎಂತದ್ದು ಅಂತ ಕಡಬದ ಕಡೆಯ ನೆಂಟರು ಕೇಳಿದರೆ, "ಅಂಟು ಗಟ್ಟಿಯಾಗುವುದನ್ನು ಲೆಕ್ಕ ಹಾಕುವುದು" ಅಂದುಬಿಡುತ್ತೇನೆ. ಇದಕ್ಕೂ ಬೆಂಗಳೂರಿನಲ್ಲಿ ಸಂಬಳ ಕೊಡ್ತಾರಾ ಅನ್ನುವ ಪ್ರಶ್ನೆ ಅವರ ಮುಖದ ಮೇಲೆ ಬಂದು ಹೋಗುತ್ತದೆ. ಒಬ್ಬ ಅತ್ತೆ ಮಾತ್ರ ಬಾಯಿಬಿಟ್ಟೇ ಕೇಳಿದರು: "ಗಟ್ಟಿ ಆದರೆ ಗೊತ್ತಾಗ್ತದಲ್ಲ, ಲೆಕ್ಕ ಎಂತಕ್ಕೆ?"

ಪ್ರಶ್ನೆ ಸಣ್ಣದಲ್ಲ. ಗಟ್ಟಿಯಾದ ಮೇಲೆ ಗೊತ್ತಾಗುವುದು ಯಾರಿಗಾದರೂ ಗೊತ್ತಾಗುತ್ತದೆ. ಗಟ್ಟಿಯಾಗುವ ಮೊದಲೇ, ಇನ್ನು ತಿರುಗಿ ಬರುವ ದಾರಿ ಇಲ್ಲ ಅನ್ನುವ ಗಳಿಗೆಯನ್ನು ಗುರುತಿಸುವುದು ಹೇಗೆ, ಗುರುತಿಸಬೇಕಾದವರು ಯಾರು? ನನ್ನ ಮಟ್ಟಿಗೆ ಇದು ರಸಾಯನಶಾಸ್ತ್ರದ ಪ್ರಶ್ನೆ ಆಗಿ ಶುರುವಾಗಿ ಈಗ ಬೇರೆಯೇ ಏನೋ ಆಗಿದೆ.

ಮೊದಲು ಸ್ವಲ್ಪ ಅಡುಗೆಮನೆ. ಬೆಲ್ಲದ ಪಾಕ ಗಟ್ಟಿಯಾದರೆ ನೀರು ಹಾಕಿ ಬಿಸಿ ಮಾಡಿ, ಮತ್ತೆ ಪಾಕವೇ. ಮೇಣವೂ ಹಾಗೆ. ಆದರೆ ನೀರುದೋಸೆ ಒಮ್ಮೆ ಕಾವಲಿಯಿಂದ ಎದ್ದರೆ, ಎಷ್ಟೇ ನೀರು ಹಾಕಿ, ಅದು ಹಿಟ್ಟಾಗುವುದಿಲ್ಲ. ನಾನು ಕೆಲಸ ಮಾಡುವ ಎಪಾಕ್ಸಿ, ಫೀನಾಲಿಕ್, ಪಾಲಿಎಸ್ಟರ್ ರಾಳಗಳೆಲ್ಲ ದೋಸೆಯ ಜಾತಿ. ಥರ್ಮೋಸೆಟ್ ಅಂತ ಅವುಗಳ ಹೆಸರು. ಬಿಡಿಬಿಡಿಯಾಗಿದ್ದ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾಗುತ್ತವೆ. ಆಮೇಲೆ ಬಿಸಿ ಮಾಡಿದರೆ ಕರಗುವುದಿಲ್ಲ, ಕರಟುತ್ತವೆ. ಸುಳ್ಯದ ತೋಟದಿಂದ ಹೋಗುವ ರಬ್ಬರ್ ಶೀಟು ಟಯರ್ ಆಗುವುದೂ ಇದೇ ಬಗೆಯ ಬಲೆಯಿಂದಲೇ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬಿಸಿ ಮಾಡಿ ಕಂಡುಕೊಂಡದ್ದು ಅದನ್ನೇ. ಶೀಟನ್ನು ಮತ್ತೆ ಕರಗಿಸಬಹುದು. ಟಯರನ್ನು ಕರಗಿಸಲು ಹೊರಟವರು ಇವತ್ತಿನವರೆಗೂ ಒದ್ದಾಡುತ್ತಿದ್ದಾರೆ.

ಪುತ್ತೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆ. ಬೀಜ ಸುಲಿಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಬಳಿದುಕೊಂಡು ಕೂರುವುದು ಆ ಎಣ್ಣೆಗೆ ಹೆದರಿ. ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಹಳೇ ಮನೆಗಳ ಪಕಾಸಿಗೆ, ದೋಣಿಗೆ ಅದನ್ನು ಬಳಿಯುತ್ತಿದ್ದದ್ದು ಗೆದ್ದಲು ಮುಟ್ಟಬಾರದು ಅಂತ. ಅದೇ ಎಣ್ಣೆಯನ್ನು ಬಿಸಿ ಮಾಡಿ ತೆಗೆದ ಕಾರ್ಡನಾಲ್ ಇವತ್ತು ವಾಹನಗಳ ಬ್ರೇಕ್ ಲೈನಿಂಗಿನಲ್ಲಿದೆ, ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರ್‌ಗಳಲ್ಲಿದೆ. ನೀವು ಸಿಲ್ಕ್ ಬೋರ್ಡಿನಲ್ಲಿ ಬ್ರೇಕ್ ಒತ್ತುವಾಗ ಕಾಲ ಕೆಳಗೆ ನಮ್ಮ ಊರಿನ ಗೇರುಗುಡ್ಡೆಯ ಒಂದು ತುಣುಕು ಇರಬಹುದು. (ಗೇರು ಸಂಶೋಧನೆಗೆಂದೇ ಪುತ್ತೂರಿನಲ್ಲಿ ಕೇಂದ್ರ ಸರಕಾರದ ಸಂಸ್ಥೆ ಇದೆ, 1986ರಿಂದ. ಪುತ್ತೂರು ಅಂದರೆ ಕಂಬಳ ಮತ್ತು ಮುತ್ತು ಮಾತ್ರ ಅಂದುಕೊಂಡವರಿಗೆ ಹೇಳಿದೆ.)

ಈಗ ಲೆಕ್ಕ. ರಾಳ ಮತ್ತು ಹಾರ್ಡನರ್ ಬೆರೆಸಿದ ಕೂಡಲೇ ಬಿಸಿ ಹುಟ್ಟುತ್ತದೆ. ಡಿಎಸ್‌ಸಿ ಎನ್ನುವ ಉಪಕರಣದಲ್ಲಿ ಕೆಲವೇ ಮಿಲಿಗ್ರಾಂ ಮಿಶ್ರಣವನ್ನು ಚಿಟಿಕೆಯಷ್ಟು ದೊಡ್ಡ ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ಆ ಬಿಸಿಯನ್ನು ಅಳೆಯುತ್ತೇವೆ. ಒಟ್ಟು ಬರಬೇಕಾದ ಬಿಸಿಯಲ್ಲಿ ಇಷ್ಟು ಬಂತು ಅಂದರೆ ಇಷ್ಟು ಕೆಲಸ ಮುಗಿಯಿತು. ಸೊನ್ನೆಯಿಂದ ಒಂದರವರೆಗಿನ ಈ ಸಂಖ್ಯೆ ಏರುವ ವೇಗಕ್ಕೆ ಒಂದು ಸಮೀಕರಣ ಹೊಂದಿಸುವುದು ನನ್ನ ದಿನಗೂಲಿ. 1973ರಲ್ಲಿ ಕಮಾಲ್ ಮತ್ತು ಸೌರೂರ್ ಕೊಟ್ಟ ಸಮೀಕರಣವನ್ನೇ ಇವತ್ತಿಗೂ ಹೆಚ್ಚಾಗಿ ಬಳಸುತ್ತೇವೆ. ಅದರಲ್ಲಿರುವ ಮುಖ್ಯ ಮಾತು ಇದು: ಆದ ಕ್ರಿಯೆಯೇ ಆಗಬೇಕಾದ ಕ್ರಿಯೆಯನ್ನು ತಳ್ಳುತ್ತದೆ. ಎಪಾಕ್ಸಿ ಮತ್ತು ಅಮೀನ್ ಕೂಡಿದಾಗ ಹುಟ್ಟುವ ಹೈಡ್ರಾಕ್ಸಿಲ್ ಗುಂಪುಗಳು ಮುಂದಿನ ಕೂಡುವಿಕೆಗೆ ದಲ್ಲಾಳಿ ಕೆಲಸ ಮಾಡುತ್ತವೆ. ಆದ್ದರಿಂದ ಶುರುವಿನಲ್ಲಿ ನಿಧಾನ, ಆಮೇಲೆ ಓಟ. ಮೊದಲ ಹತ್ತು ನಿಮಿಷ ನೋಡಿದವನಿಗೆ "ಇನ್ನೂ ಬೇಕಾದಷ್ಟು ಟೈಮ್ ಉಂಟು" ಅನಿಸುವುದು ಇದಕ್ಕೇ.

ನನ್ನನ್ನು ವರ್ಷಗಟ್ಟಲೆ ಕಾಡಿದ ಸಂಗತಿ ಇನ್ನು ಬರುತ್ತದೆ.

ಈ ದ್ರವದಲ್ಲಿ ಒಂದು ಗಳಿಗೆ ಬರುತ್ತದೆ, ಜೆಲ್ ಬಿಂದು ಅಂತ ಕರೆಯುತ್ತೇವೆ. ಅಲ್ಲಿಯವರೆಗೆ ಅಣುಗಳು ಗುಂಪುಗುಂಪಾಗಿ ಬೆಳೆಯುತ್ತಿರುತ್ತವೆ. ಆ ಗಳಿಗೆಯಲ್ಲಿ ಪಾತ್ರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಅಣು ಚಾಚಿಕೊಳ್ಳುತ್ತದೆ. ಅದರ ನಂತರ ಆ ವಸ್ತು ಹರಿಯುವುದಿಲ್ಲ, ಯಾವ ದ್ರಾವಕದಲ್ಲೂ ಪೂರ್ತಿ ಕರಗುವುದಿಲ್ಲ. ಆಕಾರ ತಪ್ಪಿದ್ದರೆ ತಪ್ಪಿದ್ದೇ. 1940ರ ದಶಕದಲ್ಲಿ ಪಾಲ್ ಫ್ಲೋರಿ ಮತ್ತು ವಾಲ್ಟರ್ ಸ್ಟಾಕ್‌ಮೇಯರ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಎರಡು ಕೈಯ ಎಪಾಕ್ಸಿಗೆ ನಾಲ್ಕು ಕೈಯ ಅಮೀನ್ ಸರಿಯಾದ ಅಳತೆಯಲ್ಲಿ ಸೇರಿದರೆ ಆ ಗಳಿಗೆ ಬರುವುದು ಸುಮಾರು 58 ಶೇಕಡಾ ಕೆಲಸ ಆದಾಗ. ಅಂದರೆ ಗ್ರಾಫಿನ ಪ್ರಕಾರ ಇನ್ನೂ 42 ಶೇಕಡಾ ಬಾಕಿ. ನೋಡುವವನಿಗೆ ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದಿದ್ದೇವೆ ಅಷ್ಟೇ.

ಮತ್ತು ಬಿಸಿಯ ಗ್ರಾಫಿನಲ್ಲಿ ಆ ಗಳಿಗೆಗೆ ಯಾವ ಗುರುತೂ ಇಲ್ಲ. ಕೊಂಕಿಲ್ಲ, ತಿರುವಿಲ್ಲ, ಚುಕ್ಕಿಯಿಲ್ಲ. ಕೈ ಹಿಡಿಯುವ ಅಣುಗಳಿಗೆ ತಾವು ಈಗ ಕೊನೆಯ ಗಂಟು ಹಾಕಿದೆವು ಅಂತ ಗೊತ್ತಿಲ್ಲವಲ್ಲ. ಅವು ಮೊದಲಿನ ಹಾಗೆಯೇ ಬಿಸಿ ಬಿಡುತ್ತಾ ಹೋಗುತ್ತವೆ. ಲಕ್ಷಗಟ್ಟಲೆ ಬೆಲೆಯ ಉಪಕರಣ, ಚಂದದ ನೀಲಿ ಗೆರೆ, ಮತ್ತು ಅದರ ಮೇಲೆ ಎಲ್ಲಿಯೋ ಒಂದು ಕಡೆ, ಗೆರೆಗೇ ಗೊತ್ತಿಲ್ಲದ ಹಾಗೆ, ಹಿಂದಿರುಗುವ ದಾರಿ ಮುಚ್ಚಿಹೋಗಿರುತ್ತದೆ.

ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗೆ ನನ್ನ ಪರಿಚಯದವರೊಬ್ಬರು ಹಲಸಿನ ಹಲಗೆಯ ನಡುವೆ ನೀಲಿ ಎಪಾಕ್ಸಿ ಸುರಿದು ಮೇಜು ಮಾಡುತ್ತಾರೆ. ನಿಮ್ಮ ಫ್ಲ್ಯಾಟಿನಲ್ಲೂ ಒಂದು ಇರಬಹುದು, ನದಿ ಹರಿದ ಹಾಗೆ ಕಾಣುವಂಥದ್ದು. ಅವರ ಹತ್ತಿರ ಯಾವ ಉಪಕರಣವೂ ಇಲ್ಲ. ಒಂದು ತೆಂಗಿನ ಕಡ್ಡಿ ಇದೆ. ಬಕೆಟ್ಟಿನ ಅಂಚಿನಲ್ಲಿ ಕಡ್ಡಿ ಅದ್ದಿ ಮೇಲೆತ್ತುತ್ತಾರೆ. ಎಳೆ ಹನಿಯಾಗಿ ಬಿದ್ದರೆ ಇನ್ನೂ ಸಮಯ ಇದೆ. ಎಳೆ ಹಿಂದಕ್ಕೆ ಜಗ್ಗಿದರೆ ಮುಗಿಯಿತು. ಡಬ್ಬದ ಮೇಲೆ 25 ಡಿಗ್ರಿಯಲ್ಲಿ ಇಷ್ಟು ನಿಮಿಷ ಅಂತ ಬರೆದಿರುತ್ತದೆ. ಏಪ್ರಿಲಿನ ಪುತ್ತೂರಿನಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು ಮಾರಾಯ್ರೆ! ಮಳೆಗಾಲದಲ್ಲಿ ಇನ್ನೊಂದು ರಗಳೆ, ಗಾಳಿಯ ಪಸೆ ಹಾರ್ಡನರಿನ ಜೊತೆ ಸೇರಿ ಮೇಜಿನ ಮೇಲೆ ಬಿಳಿ ಜಿಡ್ಡು ಕಟ್ಟುತ್ತದೆ. ಅವರ ಕಡ್ಡಿಗೆ ಇವೆಲ್ಲ ಗೊತ್ತು.

ನಮ್ಮ ಲ್ಯಾಬಿನಲ್ಲೂ ಕಡ್ಡಿ ಇದೆ, ಆದರೆ ಅದರ ಹೆಸರು ರಿಯೋಮೀಟರ್. ಎರಡು ತಟ್ಟೆಗಳ ನಡುವೆ ರಾಳ ಇಟ್ಟು ಮೆಲ್ಲಗೆ ಆಚೀಚೆ ತಿರುಗಿಸಿ ಅದು ಎಷ್ಟು ಎದುರು ನಿಲ್ಲುತ್ತದೆ ಅಂತ ನೋಡುವ ಯಂತ್ರ. ಬಿಸಿ ಅಳೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೆಲೆಯದ್ದಲ್ಲ. ಒಂದು ಯಂತ್ರ ಕೆಲಸ ಎಷ್ಟಾಯಿತು ಅಂತ ಕೇಳುತ್ತದೆ. ಇನ್ನೊಂದು ಆ ವಸ್ತುವನ್ನು ಮುಟ್ಟಿ, ನೀನು ಇನ್ನೂ ಬದಲಾಗಬಲ್ಲೆಯಾ ಅಂತ ಕೇಳುತ್ತದೆ.

ನನ್ನ ವಾದ ಇಷ್ಟೇ. ತನ್ನ ಗೆರೆಯಲ್ಲಿ ಕಾಣದ್ದನ್ನು ಕಾಣಲಿಲ್ಲ ಅಂತ ಲೆಕ್ಕದವನನ್ನು ದೂರುವ ಹಾಗಿಲ್ಲ. ಎಲ್ಲ ಮಾದರಿಗಳೂ ಏನನ್ನೋ ಬಿಟ್ಟೇ ಮಾದರಿಗಳಾಗುವುದು, ಬಿಡುವುದು ಸುಳ್ಳಲ್ಲ. ಆದರೆ ತನ್ನ ಗೆರೆಗೆ ಯಾವುದು ಕಾಣುವುದಿಲ್ಲ ಅಂತ ಅವನಿಗೆ ಗೊತ್ತಿರುತ್ತದೆ, ಅಥವಾ ಗೊತ್ತಿರಬೇಕು. ಗೊತ್ತಿದ್ದ ಮೇಲೆ ಕಡ್ಡಿ ಹಿಡಿದವನನ್ನು ಹುಡುಕಿಕೊಂಡು ಹೋಗುವುದು ಅವನ ಸೌಜನ್ಯ ಅಲ್ಲ, ಕರ್ತವ್ಯ. ಮತ್ತು ಹೋಗಬೇಕಾದದ್ದು ರಾಳ ಹರಿಯುತ್ತಿರುವಾಗ.

ಇದು ಬರೀ ರಾಳದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಾನು ಹುಟ್ಟಿದ ಸೀಮೆಯಲ್ಲಿ ಗೇರು ಅಂದರೆ ಬ್ರೇಕ್ ಲೈನಿಂಗ್ ನೆನಪಾಗುವುದಿಲ್ಲ. ಎಂಡೋಸಲ್ಫಾನ್ ನೆನಪಾಗುತ್ತದೆ.

1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಡಿಯ ಈಚೆ ದಕ್ಷಿಣ ಕನ್ನಡದಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಅದೇ ಮದ್ದು. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅದು. ಆ ಯೋಜನೆಗೂ ಒಂದು ಗೆರೆ ಇತ್ತು: ಕೀಟ ಎಷ್ಟು ಕಡಿಮೆಯಾಯಿತು, ಇಳುವರಿ ಎಷ್ಟು ಉಳಿಯಿತು. ಆ ಗೆರೆ ಸುಳ್ಳು ಹೇಳಿತು ಅಂತ ನಾನು ಹೇಳುವುದಿಲ್ಲ. ಕೀಟ ಸತ್ತಿರಬಹುದು, ಬೀಜ ಬಂದಿರಬಹುದು. ಆದರೆ ಯಾವ ಗಳಿಗೆಯಲ್ಲಿ ತೋಟದ ಕೆಳಗಿನ ಮನೆಗಳಲ್ಲಿ ಬದುಕು ಹಿಂದಿರುಗಲಾರದ ಹಾಗೆ ಬದಲಾಯಿತೋ, ಆ ಗಳಿಗೆಗೆ ಅದರಲ್ಲಿ ಗುರುತೇ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಕೀಟದ ಗೆರೆ.

ಕಡ್ಡಿ ಹಾಕಿದವರು ಬೇರೆಯವರು. ಪುತ್ತೂರಿಗೆ ತಾಗಿಕೊಂಡೇ ಇರುವ ಎಣ್ಮಕಜೆಯ ಕಡೆ, ಕನ್ನಡ ತುಳು ಮಾತಾಡುವ ಜಾಗದಲ್ಲಿ, ಕರುಗಳು ತಿರುಚಿದ ಕಾಲುಗಳ ಜೊತೆ ಹುಟ್ಟುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವವರ ಕಾಯಿಲೆಗಳು ಸುತ್ತಲಿನ ಊರುಗಳಿಗಿಂತ ಬೇರೆಯಾಗಿ ಕಾಣುತ್ತಿವೆ ಅಂತ ಗಮನಿಸಿದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು. ಇಳುವರಿಯ ಗ್ರಾಫು ಇವರಾರ ಕೈಯಲ್ಲೂ ಇರಲಿಲ್ಲ. ಇವರು ಮುಟ್ಟಿ ನೋಡಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನಿಗೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಅಷ್ಟು ಹೊತ್ತಿಗೆ ಕಡಬದ ಕೊಯಿಲ, ಬೆಳ್ತಂಗಡಿಯ ಕೊಕ್ಕಡದಂಥ ಊರುಗಳಲ್ಲಿ ಸಂತ್ರಸ್ತರಿಗಾಗಿ ಪಾಲನಾ ಕೇಂದ್ರ ಬೇಕಾಗಿತ್ತು. ಸರಕಾರವೇ ಅವರನ್ನು ಗುರುತಿಸಿ ಮಾಸಾಶನ ಕೊಡುತ್ತದೆ. ಮೂವತ್ತು ದಾಟಿದ ಮಗನನ್ನು ಎತ್ತಿ ಕೂರಿಸಿ ಉಣ್ಣಿಸುವ ತಾಯಂದಿರಿದ್ದಾರೆ. ಅವರಿಗೆ ಇರುವ ದೊಡ್ಡ ಚಿಂತೆ ಮಾಸಾಶನದ್ದಲ್ಲ, ನಾನು ಹೋದ ಮೇಲೆ ಯಾರು ಅನ್ನುವುದು. ಯಾವ ಯಾವ ಕಾಯಿಲೆಗೆ ಎಂಡೋಸಲ್ಫಾನೇ ಕಾರಣ ಅಂತ ತಜ್ಞರು ಇನ್ನೂ ಜಗಳಾಡುತ್ತಾರೆ. ಜಗಳ ಆಡಲಿ. ನನ್ನ ಪ್ರಶ್ನೆಗೆ ಆ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ. ತಲೆಯ ಮೇಲೆ ಮದ್ದು ಬೀಳಲಿಕ್ಕಿರುವ ಮನೆಯವರನ್ನು ಮೊದಲ ಹಾರಾಟಕ್ಕೆ ಮುಂಚೆ ಯಾರಾದರೂ ಸರಿಯಾಗಿ ಕೂತು ಕೇಳಿದ್ದರೇ? ಬಾವಿ ಮುಚ್ಚಿ, ದನಗಳನ್ನು ಹೊರಗೆ ಬಿಡಬೇಡಿ ಅಂತ ಹೇಳುವುದು ಬೇರೆ, ಕೇಳುವುದು ಬೇರೆ.

ಇದಕ್ಕೆ ಬರುವ ಎದುರು ವಾದ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಆಫೀಸಿನಲ್ಲಿ ವಾರಕ್ಕೊಮ್ಮೆ ಕೇಳುತ್ತೇನೆ. ಹೀಗೆ ಎಲ್ಲದಕ್ಕೂ ಹೆದರುತ್ತಾ ಕೂತರೆ ಏನೂ ಆಗುವುದಿಲ್ಲ ಅನ್ನುವುದು. ಒಪ್ಪಿದೆ. ಗಟ್ಟಿಯಾಗದ ರಾಳದಿಂದ ಯಾರಿಗೂ ಪ್ರಯೋಜನ ಇಲ್ಲ. ತೇಜಸ್ ವಿಮಾನದ ರೆಕ್ಕೆ ಕಾರ್ಬನ್ ಎಳೆ ಮತ್ತು ರಾಳದ್ದು. ಬಿಸಿಲಿಗೆ ಅದು ಮತ್ತೆ ಕರಗುವಂತಿದ್ದರೆ ಹಾರುವುದು ಹೇಗೆ? ಹಿಂದಿರುಗದೇ ಇರುವುದೇ ಥರ್ಮೋಸೆಟ್ಟಿನ ಗುಣ, ಅದಕ್ಕೇ ದುಡ್ಡು ಕೊಡುವುದು. ಮದುವೆ, ಮಕ್ಕಳು, ಊರು ಬಿಡುವುದು, ತೋಟ ಮಾರುವುದು ಎಲ್ಲವೂ ಅದೇ ಜಾತಿ. ಹಿಂದಿರುಗಲಾಗದ್ದನ್ನು ಮಾಡಬಾರದು ಅನ್ನುವುದು ಬದುಕಬಾರದು ಅಂದ ಹಾಗೆ. ನಾನು ಕೇಳುತ್ತಿರುವುದು ಸರದಿಯ ಪ್ರಶ್ನೆ: ಕಡ್ಡಿ ಮೊದಲಾ, ಬಕೆಟ್ ಮೊದಲಾ?

ಬಕೆಟ್ಟಿನ ವಿಷಯ ಬಂದದ್ದರಿಂದ ಇನ್ನೊಂದು ಹೇಳಬೇಕು. ಒಂದೇ ರಾಳವನ್ನು ತೆಳ್ಳಗೆ ತಟ್ಟೆಯಲ್ಲಿ ಹರಡಿದರೆ ಗಂಟೆಗಟ್ಟಲೆ ಹರಿಯುತ್ತದೆ. ಅದನ್ನೇ ಬಕೆಟ್ ತುಂಬ ಬೆರೆಸಿದರೆ ಹುಟ್ಟಿದ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಆ ಬಿಸಿ ಕ್ರಿಯೆಯನ್ನು ಇನ್ನೂ ಓಡಿಸುತ್ತದೆ, ಕ್ರಿಯೆ ಇನ್ನೂ ಬಿಸಿ ಹುಟ್ಟಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹೊಗೆ, ಬಿರುಕು. ದೊಡ್ಡದು ಮಾಡುವವರಿಗೆ ಕಡಿಮೆ ಸಮಯ ಸಿಗುವುದು ಯಾರ ಹಟದಿಂದಲೂ ಅಲ್ಲ, ಗಾತ್ರದಿಂದ.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಸಿಲೋನಿನ ಚಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಭಾರತ ಮೂಲದ 9,75,000 ಜನರ ಪೈಕಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ, ಉಳಿದ 1,50,000 ಮಂದಿಯ ವಿಷಯ ಆಮೇಲೆ. ಹಾಗೆ ಬಂದವರಲ್ಲಿ ಕೆಲವರಿಗಾಗಿ ಸುಳ್ಯ, ಪುತ್ತೂರಿನ ಸುತ್ತ ಸರಕಾರ ರಬ್ಬರ್ ತೋಟ ಎಬ್ಬಿಸಿತು. ಇವತ್ತಿಗೂ ಸುಳ್ಯದ ಅರಣ್ಯ ಅಭಿವೃದ್ಧಿ ನಿಗಮದ ಲೈನುಗಳಲ್ಲಿ ಬೆಳಗಿನ ಜಾವ ತಮಿಳಿನಲ್ಲಿ ಮಾತಾಡುತ್ತಾ ಹಾಲು ಇಳಿಸಲು ಹೊರಡುವವರು ಅವರ ಮಕ್ಕಳು ಮೊಮ್ಮಕ್ಕಳು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗರಲ್ಲಿ ಕೆಲವರು ಅಲ್ಲಿಯವರೇ. ಅವರು ಕೆಟ್ಟುಹೋದರು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಲು ನಾನು ಯಾರು? ಕನ್ನಡ, ತುಳು ಕಲಿತರು, ಮನೆ ಮಾಡಿದರು, ಇಲ್ಲಿಯವರಾದರು. ಆದರೆ ಆ 9,75,000 ಎಂಬುದು ಒಂದು ಬಕೆಟ್ ಆಗಿತ್ತು. ಅಷ್ಟು ಜನರನ್ನು ಒಮ್ಮೆಲೇ ಬೆರೆಸಿದಾಗ ಒಬ್ಬೊಬ್ಬರ ಹತ್ತಿರ ಹೋಗಿ ನಿನಗೆ ಯಾವ ಊರು ಅಂತ ಕೇಳುವ ಸಮಯ ಇರುವುದಿಲ್ಲ. ಕೇಳುವ ಮನಸ್ಸಿದ್ದವನಿಗೂ ಇರುವುದಿಲ್ಲ. ಆದ್ದರಿಂದ ತೆಳ್ಳಗೆ ಹರಡುವುದು ಹೇಡಿತನ ಅಂತ ಯಾರಾದರೂ ಮೀಟಿಂಗಿನಲ್ಲಿ ಅಂದರೆ ನನಗೆ ಸುಳ್ಯದ ಆ ಲೈನ್ ಮನೆಗಳು ಕಣ್ಣ ಮುಂದೆ ಬರುತ್ತವೆ.

ಇನ್ನೊಂದು ಮೋಸ ಇದೆ, ಇದರ ತಿರುಗುಮುರುಗು. ಗಟ್ಟಿಯಾಗಿ ಕಂಡದ್ದೆಲ್ಲ ಜೆಲ್ ಆಗಿರುವುದಿಲ್ಲ. ವಿಮಾನದ ಭಾಗಗಳಿಗೆ ಬಳಸುವ, ರಾಳ ಹೀರಿಸಿದ ಕಾರ್ಬನ್ ಬಟ್ಟೆಯನ್ನು ನಾವು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಫ್ರೀಜರಿನಲ್ಲಿಡುತ್ತೇವೆ. ಹೊರಗೆ ತೆಗೆದಾಗ ಹಲಗೆಯ ಹಾಗೆ ಸೆಟೆದಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮೆದುವಾಗಿ ಹೇಳಿದ ಕಡೆ ಬಗ್ಗುತ್ತದೆ. ಅದು ಗಂಟು ಬಿದ್ದದ್ದಲ್ಲ, ಚಳಿಗೆ ಮುದುಡಿದ್ದು. ಎರಡನ್ನೂ ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅಂತ ಒಂದೇ ಶಬ್ದ.

ಅಧಿಕಾರದಲ್ಲಿರುವವರಿಗೆ ಈ ಗೊಂದಲ ಬಹಳ ಅನುಕೂಲ. ಕೇಳಬೇಕಾದಾಗ "ಇನ್ನೂ ಟೈಮ್ ಉಂಟು, ಆಮೇಲೆ ನೋಡುವ" ಅನ್ನುತ್ತಾರೆ. ಆಮೇಲೆ ಹೋಗಿ ಕೇಳಿದರೆ "ಆಗಿಹೋಯ್ತಲ್ಲ, ಇನ್ನೆಂತ ಮಾಡುವುದು" ಅನ್ನುತ್ತಾರೆ. ಎಂಡೋಸಲ್ಫಾನ್ ಇಲ್ಲದೆ ಗೇರು ಉಳಿಯುವುದಿಲ್ಲ ಅಂತ ಎಷ್ಟೋ ವರ್ಷ ಹೇಳಿದರು. ನಿಲ್ಲಿಸಿದ ಮೇಲೂ ಗೇರುಮರ ಹೂ ಬಿಡುತ್ತಿದೆ, ಮಾರ್ಚಿನಲ್ಲಿ ಹಣ್ಣಿನ ವಾಸನೆ ದಾರಿಯುದ್ದಕ್ಕೂ ಇದೆ. ಆ ನೀತಿ ಜೆಲ್ ಆಗಿರಲೇ ಇಲ್ಲ, ಬರೀ ತಣ್ಣಗೆ ಕೂತಿತ್ತು. ಜೆಲ್ ಆದದ್ದು ಬೇರೆ ಕಡೆ, ಮನೆಗಳ ಒಳಗೆ.

ಸಣ್ಣ ಪ್ರಮಾಣದಲ್ಲಿ ಇದು ನಮ್ಮೆಲ್ಲರ ಮನೆಯಲ್ಲೂ ಆಗುತ್ತದೆ. ಹುಡುಗಿಯನ್ನು "ನಿನಗೆ ಒಪ್ಪಿಗೆ ಉಂಟಲ್ಲ?" ಅಂತ ಕೇಳುವುದು ಯಾವಾಗ? ಪುತ್ತೂರಿನ ಹಾಲ್ ಬುಕ್ ಆಗಿ, ಅಡುಗೆಯವರಿಗೆ ಅಡ್ವಾನ್ಸ್ ಹೋದ ಮೇಲೆ. ಆ ಪ್ರಶ್ನೆಗೆ ಬರುವ "ಹೂಂ" ಎನ್ನುವುದು ಉತ್ತರವಲ್ಲ, ಹರಿಯಲಾರದ್ದರ ಶಬ್ದ. ಅದೇ ಮನೆಯಲ್ಲಿ ಆರು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನು "ಇನ್ನು ಅವರು ಸರಿಯಾಗುವವರಲ್ಲ" ಅಂತ ಬಿಟ್ಟುಬಿಡುತ್ತೇವೆ. ಅಲ್ಲಿ ಆಗಬೇಕಾದದ್ದು ಸ್ವಲ್ಪ ಬಿಸಿ ಅಷ್ಟೇ ಇರಬಹುದು. ನಿಮ್ಮ ಕಂಪನಿಯ ಮೀಟಿಂಗಿನ ಕೊನೆಯ ಸ್ಲೈಡಿನಲ್ಲಿ "ಯಾರದ್ದಾದರೂ ಆಕ್ಷೇಪ?" ಅಂತ ಬರುತ್ತದಲ್ಲ, ಅದನ್ನು ಮೊದಲ ಸ್ಲೈಡಿಗೆ ತಂದರೆ ಏನಾಗುತ್ತದೆ ಅಂತ ಒಮ್ಮೆ ಊಹಿಸಿ. ನನ್ನ ಟೀಮಿನಲ್ಲಿ ನಾವು ಹಾಗೆ ಮಾಡಿದೆವು. ಮೀಟಿಂಗು ಉದ್ದವಾಯಿತು, ಇಬ್ಬರಿಗೆ ಸಿಟ್ಟು ಬಂತು, ಒಂದು ಪ್ರಾಜೆಕ್ಟಿನ ಅಚ್ಚನ್ನು ಕಡೆಯುವ ಮೊದಲೇ ಬದಲಾಯಿಸಿದೆವು. ಅಚ್ಚು ಕಡೆದ ಮೇಲೆ ಆಗಿದ್ದರೆ ಎಲ್ಲರೂ ಒಳ್ಳೆಯ ಮಾತಿನಲ್ಲಿ ಸುಮ್ಮನಿರುತ್ತಿದ್ದರು.

ಈ ಸಲ ಊರಿಗೆ ಹೋದಾಗ ಅಡಿಕೆಗೆ ಡ್ರೋನಿನಿಂದ ಮದ್ದು ಹೊಡೆಯುವ ಮಾತು ನಡೆಯುತ್ತಿತ್ತು. ಮರ ಹತ್ತುವವರು ಸಿಗುವುದಿಲ್ಲ, ಹತ್ತಿದವರು ಜಾರಿ ಬಿದ್ದ ಕಥೆ ಪ್ರತಿ ಬೈಲಿನಲ್ಲೂ ಒಂದಿದೆ, ಕೊಳೆರೋಗ ಯಾರಿಗೂ ಕಾಯುವುದಿಲ್ಲ. ಡ್ರೋನ್ ಬೇಡ ಅನ್ನುವಷ್ಟು ಮೂರ್ಖ ನಾನಲ್ಲ. ಕಂಪನಿಯ ಹುಡುಗ ಮೊಬೈಲಿನಲ್ಲಿ ಗ್ರಾಫು ತೋರಿಸಿದ: ಎಕರೆಗೆ ಎಷ್ಟು ನಿಮಿಷ, ಎಷ್ಟು ಲೀಟರ್, ಎಷ್ಟು ಉಳಿತಾಯ. ಒಳ್ಳೆಯ ಗ್ರಾಫು. ಮಾವ ಅದನ್ನು ಪೂರ್ತಿ ನೋಡಿ, ಗಾಳಿ ತೋಡಿನ ಕಡೆಗೆ ಬೀಸುವ ದಿನ ಎಂತ ಮಾಡ್ತೀರಿ ಅಂತ ಕೇಳಿದರು. ಹುಡುಗ ಕೇಳಿ ಹೇಳ್ತೇನೆ ಅಂದ. ಬುಕಿಂಗ್ ಇನ್ನೂ ಆಗಿಲ್ಲ. ಭಾನುವಾರ ಹಾಲಿನ ಸೊಸೈಟಿಯ ಜಗಲಿಯಲ್ಲಿ ಕೂರುವುದು ಅಂತ ಆಗಿದೆ. ಜೇನು ಸಾಕುವ ಇಬ್ಬರಿಗೂ, ತೋಡಿನ ಕೆಳಗಿನ ಮೂರು ಮನೆಯವರಿಗೂ ಬರಲು ಹೇಳಿದ್ದೇವೆ.